ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕ್: ವಿಲೇವಾರಿಗೆ ಮುನ್ನ

ಕೆಟ್ಟ ಗಣಕಯಂತ್ರವನ್ನು ಅನುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿಸುವ ವಿಷಯವು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬಂದಾಗ, ಅದರೊಳಗಿನ ಹಾರ್ಡ್ ಡಿಸ್ಕ್ ಬಗ್ಗೆ ಸದಸ್ಯರು ವಿಚಾರಿಸುವುದು ಅವಶ್ಯಕ. ಯಂತ್ರವು ಚಾಲನೆಗೊಳ್ಳದಿರಲು ವಿದ್ಯುತ್ ಪೂರೈಕೆ ಘಟಕ ಅಥವಾ ಮದರ್‌ಬೋರ್ಡ್ ಕಾರಣವಾಗಿದ್ದು, ಡಿಸ್ಕ್ ಸುಸ್ಥಿತಿಯಲ್ಲಿಯೇ ಇರುವ ಸಾಧ್ಯತೆಯುಂಟು.

ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳಲ್ಲಿ ನಮೂದಿಸಿದ ಮಾಹಿತಿಯು ಸರ್ವರ್‌ನಲ್ಲಿ ಭದ್ರವಾಗಿರುತ್ತದೆ. ಆದರೆ ಸಭಾ ನಡವಳಿಯ ಕರಡು, ಪತ್ರವ್ಯವಹಾರ, ಕಾಮಗಾರಿಗಳ ಛಾಯಾಚಿತ್ರ, ಫಲಾನುಭವಿಗಳ ಪಟ್ಟಿ, ಅವರ ಆಧಾರ್ ಪ್ರತಿ ಇವೆಲ್ಲ ಆ ಒಂದು ಡಿಸ್ಕ್‌ನಲ್ಲಿ ಮಾತ್ರ ಉಳಿದಿರಬಹುದು.

ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಕೇಸಿಂಗ್‌ನಲ್ಲಿ ಅಳವಡಿಸಿದರೆ ಬೇರೊಂದು ಗಣಕಯಂತ್ರಕ್ಕೆ ಪೆನ್ ಡ್ರೈವ್‌ನಂತೆ ಜೋಡಿಸಬಹುದು. ಕೇಸಿಂಗ್ ಖರೀದಿಸುವ ಮುನ್ನ ಡಿಸ್ಕಿನ ಅಳತೆ ನೋಡಬೇಕು. ಲ್ಯಾಪ್‌ಟಾಪ್‌ನ 2.5 ಅಂಗುಲದ ಡಿಸ್ಕಿಗೆ ಯುಎಸ್‌ಬಿ ತಂತಿಯ 5 ವೋಲ್ಟ್ ಸಾಮಾನ್ಯವಾಗಿ ಸಾಕು. ಮೇಜಿನ ಗಣಕಯಂತ್ರದ 3.5 ಅಂಗುಲದ ಡಿಸ್ಕಿಗೆ 12 ವೋಲ್ಟ್ ಸಹ ಬೇಕಾಗುವುದರಿಂದ ಪ್ರತ್ಯೇಕ ಅಡಾಪ್ಟರ್ ಇರುವ ಕೇಸಿಂಗನ್ನೇ ತರಬೇಕು. ಬಹಳ ಹಳೆಯ ಡಿಸ್ಕ್‌ಗಳಲ್ಲಿ ಸಾಟಾ ಬದಲು 40 ಪಿನ್‌ಗಳ ಅಗಲವಾದ ಐಡಿಇ ಜೋಡಣೆ ಇರುತ್ತದೆ. ಅದಕ್ಕೆ ಸಾಟಾ ಕೇಸಿಂಗ್ ಹೊಂದುವುದಿಲ್ಲ.

ಜೋಡಿಸಿದಾಗ ಪರದೆಯ ಮೇಲೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂಬ ಪ್ರಶ್ನೆ ಮೂಡಿದರೆ ಯಾವ ಕಾರಣಕ್ಕೂ ಸಮ್ಮತಿಸಬಾರದು. ಡಿಸ್ಕ್ ಲಿನಕ್ಸ್‌ನಲ್ಲಿ ಬಳಕೆಯಾಗಿದ್ದರೂ ವಿಂಡೋಸ್ ಹೀಗೆಯೇ ಕೇಳುತ್ತದೆ. ಲಿನಕ್ಸ್ ಯಂತ್ರದಲ್ಲಿ ಅದೇ ಡಿಸ್ಕ್ ತೊಂದರೆಯಿಲ್ಲದೆ ತೆರೆದೀತು. ಕಟಕಟ ಸದ್ದು ಬರುತ್ತಿದ್ದರೆ ಕೂಡಲೇ ಸಂಪರ್ಕ ಕಡಿದು ತಜ್ಞರಿಗೆ ಒಪ್ಪಿಸಬೇಕು. ಮತ್ತೆ ಮತ್ತೆ ಪ್ರಯತ್ನಿಸಿದಷ್ಟೂ ಹಾನಿ ಹೆಚ್ಚು.

ಕಡತಗಳನ್ನು ನಕಲಿಸುವಾಗ ಡಿ, ಇ ವಿಭಾಗಗಳನ್ನು ಮಾತ್ರ ನೋಡಿದರೆ ಸಾಲದು. ಅನೇಕ ಕಡತಗಳು ಡೆಸ್ಕ್‌ಟಾಪ್ ಮೇಲೆಯೇ ಉಳಿದಿರುವುದು ವಾಡಿಕೆ. ಅವು ಸಿ ವಿಭಾಗದ ಯೂಸರ್ಸ್ ಫೋಲ್ಡರ್‌ನಲ್ಲಿ ದೊರೆಯುತ್ತವೆ. ಇನ್ನೊಂದು ತೊಡಕು ಕನ್ನಡದ್ದೇ. ಹಿಂದೆ ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತವು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಕಡತ ಹಾಳಾಗಿದೆಯೆಂದು ಅಳಿಸಿಹಾಕುವ ಮುನ್ನ ನುಡಿ ಅಳವಡಿಸಿ ತೆರೆದು ನೋಡಬೇಕು; ಮುಖ್ಯವಾದವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಡುವುದು ಲೇಸು.

ನಕಲು ಪೂರ್ಣಗೊಂಡು ಕೆಲವು ಕಡತಗಳನ್ನು ತೆರೆದು ಪರಿಶೀಲಿಸಿದ ನಂತರವಷ್ಟೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೆಚ್ಚುವರಿ ಸಂಗ್ರಹಕ್ಕೆ ಬಳಸಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶವು ಡಿಸ್ಕಿನ ಆರೋಗ್ಯವನ್ನು ತೋರಿಸುತ್ತದೆ. ವರದಿ ಚೆನ್ನಾಗಿದ್ದರೂ ವರ್ಷಗಟ್ಟಲೆ ತಿರುಗಿದ ಡಿಸ್ಕ್ ಎರಡನೆಯ ಪ್ರತಿಗೆ ಯೋಗ್ಯವೇ ಹೊರತು, ಇರುವ ಒಂದೇ ಪ್ರತಿಯನ್ನು ಅದಕ್ಕೆ ನಂಬಿ ಬಿಡುವಂತಿಲ್ಲ. ದಾಸ್ತಾನು ವಹಿಯಲ್ಲಿ ನಮೂದಿಸಿ ಕಚೇರಿಯ ಬೀರುವಿನಲ್ಲಿಯೇ ಇಡಬೇಕು. ಯಾರದೋ ಚೀಲದಲ್ಲಿ ಮನೆಗೆ ಹೋಗಬಾರದು.

ಬಳಕೆಗೆ ಬಾರದ ಡಿಸ್ಕನ್ನು ಗುಜರಿಗೆ ಹಾಕುವುದು ಸಲ್ಲದು. ಕಡತ ಅಳಿಸಿದರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಒಳಗಿನ ಮಾಹಿತಿಯನ್ನು ಮರಳಿ ಪಡೆಯಬಹುದಾದ್ದರಿಂದ ಗ್ರಾಮಸ್ಥರ ಆಧಾರ್ ಪ್ರತಿಗಳು ಅಪರಿಚಿತರ ಕೈಸೇರುವ ಅಪಾಯವಿದೆ. ಚಾಲನೆಯಲ್ಲಿರುವ ಡಿಸ್ಕಿಗೆ ಕ್ವಿಕ್ ಆಯ್ಕೆಯನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿಸಬೇಕು, ಕೆಟ್ಟದ್ದರ ತಟ್ಟೆಗಳಿಗೆ ರಂಧ್ರ ಕೊರೆಸಬೇಕು. ಬಳಿಕ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಅನುಸಾರ ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸಿ, ಸ್ವೀಕೃತಿಯನ್ನು ವಿಲೇವಾರಿ ಕಡತಕ್ಕೆ ಲಗತ್ತಿಸಬೇಕು.