ಗೆಳೆತನದ ಹಾದಿಯಲ್ಲಿ ಶುಭಸಂದೇಶ

ಶುಭಸಂದೇಶ ಸಾರುವುದು ಗುರುಗಳ, ಕನ್ಯಾಸ್ತ್ರೀಯರ ಹಾಗೂ ಉಪದೇಶಿಗಳ ಕೆಲಸವೆಂಬ ಭಾವನೆ ನಮ್ಮ ಅನೇಕ ಕುಟುಂಬಗಳಲ್ಲಿ ಬೇರೂರಿದೆ. ಭಾನುವಾರದ ಬಲಿಪೂಜೆಗೆ ಹೋಗಿಬಂದು, ಮಕ್ಕಳನ್ನು ಧರ್ಮೋಪದೇಶದ ತರಗತಿಗೆ ಕಳುಹಿಸಿದರೆ ಕರ್ತವ್ಯ ಮುಗಿಯಿತೆಂಬ ಸಮಾಧಾನ ನಮ್ಮದು. ಆದರೆ ದಕ್ಷಿಣ ಭಾರತದ ಮಣ್ಣಿನಲ್ಲೇ ಹುಟ್ಟಿ ಬೆಳೆದ ಸಂತರೊಬ್ಬರ ಬಾಳು ಬೇರೆಯದೇ ಪಾಠವನ್ನು ನಮ್ಮ ಮುಂದಿಡುತ್ತದೆ.

ಸಂತ ದೇವಸಹಾಯಂ ಅವರ ಮೊದಲ ಹೆಸರು ನೀಲಕಂಠ ಪಿಳ್ಳೆ. ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂ ಗ್ರಾಮದಲ್ಲಿ 1712ರಲ್ಲಿ ಜನಿಸಿದ ಅವರು ತಿರುವಾಂಕೂರಿನ ಅರಸ ಮಾರ್ತಾಂಡವರ್ಮರ ಸೇವೆಯಲ್ಲಿದ್ದರು. 1741ರ ಕೊಳಚ್ಚಲ್ ಕದನದಲ್ಲಿ ಡಚ್ಚರು ಸೋತಾಗ ಸೆರೆಸಿಕ್ಕ ಯುಸ್ಟೇಷಿಯಸ್ ಡಿ ಲನಾಯ್ ಎಂಬ ಕಥೋಲಿಕ ಯೋಧ, ಮುಂದೆ ಅದೇ ಅರಸರ ಸೇನೆಗೆ ತರಬೇತಿ ನೀಡುವ ಹೊಣೆ ಹೊತ್ತರು. ಒಂದೇ ಅರಸರ ಸೇವೆಯಲ್ಲಿದ್ದ ಈ ಇಬ್ಬರ ನಡುವೆ ಸ್ನೇಹ ಬೆಳೆಯಿತು.

ಆಸ್ತಿಪಾಸ್ತಿಯ ನಷ್ಟದಿಂದ ಪಿಳ್ಳೆಯವರು ಕುಗ್ಗಿಹೋಗಿದ್ದ ಕಾಲದಲ್ಲಿ ಅವರ ಬಾಡಿದ ಮುಖವನ್ನು ಕಂಡು ಕಾರಣ ವಿಚಾರಿಸಿದವರು ಈ ಗೆಳೆಯ. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆಯನ್ನು ಅವರು ಹೇಳಿದರೆಂದು ಸಂತರ ಚರಿತ್ರೆ ತಿಳಿಸುತ್ತದೆ. ನೊಂದ ಹೃದಯಕ್ಕೆ ಆ ಮಾತು ನಾಟಿತು. 1745ರಲ್ಲಿ ವಡಕ್ಕನ್‌ಕುಳಂನಲ್ಲಿ ಯೇಸುಸಭೆಯ ಗುರುಗಳಿಂದ ಪಿಳ್ಳೆಯವರು ದೀಕ್ಷಾಸ್ನಾನ ಪಡೆದರು. ವಿಶ್ವಾಸಕ್ಕಾಗಿ ಸೆರೆವಾಸ, ಚಿತ್ರಹಿಂಸೆಗಳನ್ನು ಸಹಿಸಿ, 1752ರ ಜನವರಿ 14ರಂದು ಕಾಟ್ಟಾಡಿಮಲೆಯಲ್ಲಿ ಗುಂಡಿಗೆ ಬಲಿಯಾದರು. 2022ರ ಮೇ 15ರಂದು ವಿಶ್ವಗುರು ಫ್ರಾನ್ಸಿಸ್ ಅವರು ದೇವಸಹಾಯಂ ಅವರನ್ನು ಸಂತರೆಂದು ಘೋಷಿಸಿದರು.

ಇಲ್ಲಿ ಮೊದಲು ಬಂದದ್ದು ಗೆಳೆತನ; ಬಳಿಕ ಗೆಳೆಯನ ನೋವಿನ ಅರಿವು; ವಿಶ್ವಾಸದ ಮಾತು ಬಂದದ್ದು ಕೊನೆಗೆ. ಪವಿತ್ರ ಗ್ರಂಥದಲ್ಲಿಯೂ ಇದೇ ಹಾದಿ. ಅಂದ್ರೆಯನು ಯೇಸುವಿನ ಬಳಿಗೆ ಕರೆತಂದದ್ದು ಸ್ವಂತ ಅಣ್ಣ ಪೇತ್ರನನ್ನು. ತಿಮೊಥೇಯನ ವಿಶ್ವಾಸ ಮೊಳೆತದ್ದು ಅಜ್ಜಿಯ, ತಾಯಿಯ ಮಡಿಲಲ್ಲಿ. ವಿಶ್ವಗುರು ಆರನೆಯ ಪೌಲರು 1975ರಲ್ಲಿ ಶುಭಸಂದೇಶ ಪ್ರಸಾರವನ್ನು ಕುರಿತು ಹೊರಡಿಸಿದ ಪತ್ರದಲ್ಲಿ, ಮಾತಿಗೆ ಮುನ್ನ ಬಾಳಿನ ಸಾಕ್ಷ್ಯ ಬೇಕೆಂಬುದನ್ನೂ ವ್ಯಕ್ತಿಯಿಂದ ವ್ಯಕ್ತಿಗೆ ವಿಶ್ವಾಸ ಹರಿಯಬೇಕೆಂಬುದನ್ನೂ ಒತ್ತಿ ಹೇಳಿದ್ದಾರೆ.

ಹಾಗಾದರೆ ನಾವೇನು ಮಾಡಬೇಕು? ಕ್ರಿಸ್ಮಸ್ ಬಂದಾಗ ನೆರೆಮನೆಗೆ ಕುಸ್ವಾರ್ ತಟ್ಟೆ ಕಳುಹಿಸುವ ನಾವು, ಅದೇ ಮನೆಯಲ್ಲಿ ಕಾಯಿಲೆಯೋ ಸಾವೋ ಸಂಭವಿಸಿದಾಗ ಹೊಸ್ತಿಲು ದಾಟಿ ಒಳಗೆ ಹೋಗುತ್ತೇವೆಯೇ? ಮನೆಗೆಲಸದವಳ ಮಗುವಿನ ಹೆಸರು ನಮಗೆ ಗೊತ್ತಿದೆಯೇ? ಕಚೇರಿಯಲ್ಲಿ ಲಂಚ ಮುಟ್ಟದ ಕೈ, ಅಂಗಡಿಯಲ್ಲಿ ತೂಕ ತಪ್ಪದ ತಕ್ಕಡಿ, ಜಗಳದ ಬಳಿಕ ಮೊದಲು ಮಾತಾಡಿಸುವ ನಾಲಿಗೆ, ಇವೆಲ್ಲ ಜನ ಓದುವ ಶುಭಸಂದೇಶವೇ.

ಆದರೆ ಸ್ನೇಹವನ್ನು ಬಲೆಯಾಗಿ ಬೀಸಬಾರದು. ಮತಾಂತರದ ಲೆಕ್ಕವಿಟ್ಟು ತೋರುವ ಪ್ರೀತಿ ಪ್ರೀತಿಯೇ ಅಲ್ಲ. ಅದು ನೆರೆಯವರಿಗೂ ಅವಮಾನ, ಪ್ರಭುವಿಗೂ ಅವಮಾನ. ಅನ್ಯಮತದ ಗೆಳೆಯನು ತನ್ನ ಮತದಲ್ಲೇ ಉಳಿದರೂ ನಮ್ಮ ಸ್ನೇಹ ಕುಂದಬಾರದು. ಅವನಾಗಿಯೇ ನಮ್ಮ ನೆಮ್ಮದಿಯ ಮೂಲವನ್ನು ಕೇಳಿದ ದಿನ ಮಾತ್ರ ನಾಚಿಕೆಯಿಂದ ಮೌನವಾಗದಿರೋಣ. ಪ್ರಭುವಿನ ಹೆಸರನ್ನು ನಮ್ರತೆಯಿಂದ ಹೇಳೋಣ.

ಈ ವಾರ ಬಾಡಿದ ಮುಖವೊಂದು ನಮ್ಮ ಕಣ್ಣಿಗೆ ಬಿದ್ದೀತು. ನಿಂತು ವಿಚಾರಿಸುವಷ್ಟು ಬಿಡುವನ್ನು ದೇವರು ನಮಗೆ ಕರುಣಿಸಲಿ.