ಹಿಮದ ಕರಾವಳಿಗೆ ಮರಳುವ ಹಕ್ಕಿಗಳು

ಮಾರ್ಚ್ ತಿಂಗಳ ನಡುವಿನಲ್ಲಿ ಫಿನ್ಲೆಂಡ್ ದೇಶದ ದಕ್ಷಿಣ ಕರಾವಳಿಯಲ್ಲಿ ನಿಂತು ನೋಡುವವನಿಗೆ ವಸಂತದ ಕುರುಹು ಸುಲಭವಾಗಿ ಕಾಣಸಿಗದು. ಚಳಿ ಬಲವಾದ ವರ್ಷಗಳಲ್ಲಿ ಹೊಲಗಳ ಮೇಲೆ ಹಿಮ ಹಾಸಿಕೊಂಡಿರುತ್ತದೆ. ಕೊಲ್ಲಿಯ ಅಂಚಿನ ಮಂಜುಗಡ್ಡೆ ಇನ್ನೂ ಒಡೆದಿರುವುದಿಲ್ಲ. ಬರ್ಚ್ ಮರಗಳಲ್ಲಿ ಒಂದು ಚಿಗುರೂ ಇರುವುದಿಲ್ಲ. ಆದರೂ ಒಂದು ಮುಂಜಾನೆ ಸ್ಕೈಲಾರ್ಕ್ ಎಂಬ ನೆಲಗುಬ್ಬಿಯೊಂದು ಮುಗಿಲಿಗೇರಿ ಹಾಡತೊಡಗುತ್ತದೆ. ಹಿಂದಿನ ಶರತ್ಕಾಲದಲ್ಲಿ ಊರು ಬಿಟ್ಟು ಪಶ್ಚಿಮ ಯೂರೋಪಿನ ಬಯಲುಗಳಲ್ಲಿ ಚಳಿಗಾಲವನ್ನು ಕಳೆದ ಹಕ್ಕಿ ಇದು. ಮರಳುವ ಕಾಲ ಬಂದಿತೆಂದು ಇದಕ್ಕೆ ತಿಳಿಸಿದವರಾರು? ಹಿಮ ಕರಗುವ ಮೊದಲೇ ಇಷ್ಟು ಅವಸರವೇಕೆ? ಈ ಪ್ರಶ್ನೆಗಳನ್ನು ನಾವಿಲ್ಲಿ ವಿಚಾರ ಮಾಡೋಣ.

ಹಕ್ಕಿಗಳು ಬರುವುದರಲ್ಲಿಯೂ ಒಂದು ಕ್ರಮವುಂಟು. ಸ್ಕೈಲಾರ್ಕಿನ ಹಿಂದೆಯೇ ನಮ್ಮ ಟಿಟ್ಟಿಭದ ಬಂಧುವಾದ ಉತ್ತರದ ಟಿಟ್ಟಿಭ, ಕಬ್ಬಕ್ಕಿಯ ಬಂಧುವಾದ ಸ್ಟಾರ್ಲಿಂಗ್, ಹಾಗೂ ಹಳದಿ ಕೊಕ್ಕಿನ ಹಂಸ ಬರುವುವು. ಮಾರ್ಚ್ ಕಳೆಯುತ್ತಿರುವಂತೆ ಡೆನ್ಮಾರ್ಕಿನ ಕಡಲಿನಿಂದ ಐಡರ್ ಬಾತುಗಳು ಸಾಲುಗಟ್ಟಿ ನೀರಿಗೆ ಸಮೀಪವಾಗಿ ಹಾರಿ ಬರುತ್ತವೆ. ಏಪ್ರಿಲಿನಲ್ಲಿ ಚಾಫಿಂಚ್, ಬಿಳಿ ಸಿಪಿಲೆ ಮತ್ತು ಕ್ರೌಂಚಗಳ ಸರದಿ. ದಕ್ಷಿಣ ಆಫ್ರಿಕದಷ್ಟು ದೂರದಿಂದ ಬರಬೇಕಾದ ಅಂಬರಗುಬ್ಬಿಗಳು ಮೇ ತಿಂಗಳ ವೇಳೆಗೆ ತಲಪುತ್ತವೆ. ಸ್ಕೈಲಾರ್ಕ್ ಬಂದ ಮೇಲೆ ಬೇಸಗೆಗೆ ಇಷ್ಟು ದಿನ, ಸಿಪಿಲೆ ಬಂದ ಮೇಲೆ ಇಷ್ಟೇ ಎಂದು ಎಣಿಸುವ ಗಾದೆಯೊಂದು ಫಿನ್ನಿಷ್ ಜನರಲ್ಲಿ ಬಳಕೆಯಲ್ಲಿದೆ. ಹಕ್ಕಿಗಳೇ ಅವರಿಗೆ ಪಂಚಾಂಗವಾಗಿದ್ದುವು.

ಚಳಿಗಾಲದಲ್ಲಿ ಇವು ಹೋಗುವುದೆಲ್ಲಿಗೆ ಎಂಬುದು ಬಹು ಕಾಲ ಒಗಟಾಗಿಯೇ ಇದ್ದಿತು. 1555ರಲ್ಲಿ ಓಲಾಸ್ ಮಾಗ್ನಸ್ ಎಂಬ ಸ್ವೀಡನ್ನಿನ ವಿದ್ವಾಂಸನು ಉತ್ತರದ ಜನಾಂಗಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಅಂಬರಗುಬ್ಬಿಗಳು ಚಳಿಗಾಲವನ್ನು ನೀರಿನೊಳಗೆ ಕಳೆಯುತ್ತವೆಂದು ಬರೆದನು. ಬೆಸ್ತರು ಬಲೆಯಲ್ಲಿ ಮೀನಿನೊಡನೆ ಹಕ್ಕಿಗಳನ್ನೂ ಎಳೆಯುತ್ತಿರುವ ಚಿತ್ರವೂ ಅದರಲ್ಲಿದೆ. ಇಂತಹ ಊಹೆಗಳಿಗೆ ಕೊನೆಯ ಉತ್ತರವನ್ನು ಕೊಟ್ಟುದು ಒಂದು ಪುಟ್ಟ ಲೋಹದ ಉಂಗುರ. 1899ರಲ್ಲಿ ಡೆನ್ಮಾರ್ಕಿನ ಉಪಾಧ್ಯಾಯ ಹಾನ್ಸ್ ಮಾರ್ಟೆನ್ಸನ್ ಸಂಖ್ಯೆ ಕೆತ್ತಿದ ಉಂಗುರಗಳನ್ನು ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ತೊಡಿಸಿ ಬಿಟ್ಟನು. 1911ರಲ್ಲಿ ಇಂಗ್ಲೆಂಡಿನಲ್ಲಿ ಉಂಗುರ ತೊಡಿಸಿದ ಅಂಬರಗುಬ್ಬಿಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದಲ್ಲಿ ಸಿಕ್ಕಿತು. ಫಿನ್ಲೆಂಡಿನಲ್ಲಿ ಈ ಕಾರ್ಯ 1913ರಲ್ಲಿ ಮೊದಲಾಯಿತು.

ಹಕ್ಕಿಗಳ ಹಾದಿಯನ್ನು ನೆಲದ ಆಕಾರವೂ ತಿದ್ದುತ್ತದೆ. ಫಿನ್ಲೆಂಡ್ ಮತ್ತು ಎಸ್ಟೋನಿಯಗಳ ನಡುವೆ ಚಾಚಿರುವ ಕೊಲ್ಲಿ ಹೆಲ್ಸಿಂಕಿಯ ಎದುರಿನಲ್ಲಿ ಸುಮಾರು 80 ಕಿಲೋಮೀಟರ್ ಅಗಲವಾಗಿದೆ. ನೆಲದ ಹಕ್ಕಿಗೆ ಸಮುದ್ರವನ್ನು ದಾಟುವುದು ಅಪಾಯದ ಕೆಲಸ. ಅಲ್ಲಿ ಇಳಿಯಲು ತಾವಿಲ್ಲ, ತಣ್ಣನೆಯ ನೀರಿನ ಮೇಲೆ ಬಿಸಿ ಗಾಳಿ ಮೇಲೇರದು. ಆದುದರಿಂದ ಅನೇಕ ಹಕ್ಕಿಗಳು ತೀರವನ್ನು ಅನುಸರಿಸಿ, ಕಡಲಿನೊಳಕ್ಕೆ ಚಾಚಿದ ಭೂಶಿರಗಳಲ್ಲಿ ಗುಂಪುಗೂಡುವುವು. ಫಿನ್ಲೆಂಡಿನ ದಕ್ಷಿಣ ತುದಿಯಲ್ಲಿರುವ ಹಾಂಕೊ ಅಂತಹ ಒಂದು ಭೂಶಿರ. 1979ರಲ್ಲಿ ಅಲ್ಲಿ ಪಕ್ಷಿವೀಕ್ಷಣಾಲಯವೊಂದು ಸ್ಥಾಪಿತವಾಯಿತು. ಸೂರ್ಯೋದಯದಿಂದ ನಾಲ್ಕು ಗಂಟೆಗಳ ಕಾಲ ಹಾದುಹೋಗುವ ಹಕ್ಕಿಗಳನ್ನು ಎಣಿಸಿ ಬರೆಯುವುದು ಅಲ್ಲಿನ ಪದ್ಧತಿ. ಇದು ಬಹು ಸಾಮಾನ್ಯವಾದ ಕೆಲಸವೆಂದು ತೋರಬಹುದು. ಆದರೆ ಒಂದೇ ಸ್ಥಳದಲ್ಲಿ ಒಂದೇ ರೀತಿಯಿಂದ ಹತ್ತಾರು ವರ್ಷ ಎಣಿಸಿದಾಗ, ಒಬ್ಬನ ನೆನಪಿಗೆ ನಿಲುಕದ ಬದಲಾವಣೆಯೂ ಅಂಕಿಗಳಲ್ಲಿ ಮೂಡುತ್ತದೆ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಹಕ್ಕಿಗೆ ಕಾಲವನ್ನು ತಿಳಿಸುವುದು ಯಾವುದು? ಬಿಸಿಲಿನ ಕಾವೇ ಇರಬೇಕೆಂದು ನಮಗೆ ತೋರುವುದು ಸಹಜ. 1924ರಲ್ಲಿ ಕೆನಡದ ವಿಲಿಯಂ ರೋವನ್ ಈ ಊಹೆಯನ್ನು ಪರೀಕ್ಷೆಗೆ ಒಡ್ಡಿದನು. ಜಂಕೊ ಎಂಬ ಪುಟ್ಟ ಹಕ್ಕಿಗಳನ್ನು ಬಯಲ ಪಂಜರದಲ್ಲಿಟ್ಟು, ಕಡು ಚಳಿಗಾಲದಲ್ಲಿ ವಿದ್ಯುದ್ದೀಪಗಳಿಂದ ಅವುಗಳ ಹಗಲನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆಳೆಸಿದನು. ಚಳಿ ಕೊರೆಯುತ್ತಿದ್ದರೂ ಅವುಗಳ ಜನನಾಂಗಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದುವು. ಕಾಲವನ್ನು ಸಾರಿದುದು ಬೆಳಕಿನ ಅವಧಿಯೇ ಹೊರತು ಕಾವಲ್ಲ. ಇದು ಯುಕ್ತವೂ ಹೌದು. ಕಾವು ದಿನಕ್ಕೊಂದು ಬಗೆ. ಹಗಲಿನ ಉದ್ದವಾದರೋ ವರ್ಷ ವರ್ಷವೂ ತಪ್ಪದು. ಹೆಲ್ಸಿಂಕಿಯಲ್ಲಿ ಡಿಸೆಂಬರಿನ ಹಗಲು ಸುಮಾರು 6 ಗಂಟೆ, ಜೂನಿನ ಹಗಲು ಸುಮಾರು 19 ಗಂಟೆ.

ಆದರೆ ಆಫ್ರಿಕದ ಸಮಭಾಜಕದ ಬಳಿಯಿರುವ ಹಕ್ಕಿಗೆ ಹಗಲು ಹೆಚ್ಚು ಕಡಿಮೆ ಸದಾ ಒಂದೇ ಅಳತೆಯದು. ಅದು ಹೊರಡುವ ಕಾಲವನ್ನು ಅರಿಯುವುದೆಂತು? 1960ರ ದಶಕದ ಕೊನೆಯಲ್ಲಿ ಜರ್ಮನಿಯ ಎಬರ್ಹಾರ್ಡ್ ಗ್ವಿನ್ನರ್ ವಿಲೋ ಉಲಿಯಕ್ಕಿಗಳನ್ನು ಬದಲಾಗದ ಹಗಲಿರುಳುಗಳಲ್ಲಿಟ್ಟು ನೋಡಿದನು. ಹೊರಗಿನ ಸೂಚನೆ ಯಾವುದೂ ಇಲ್ಲದಿದ್ದರೂ ಅವು ಸುಮಾರು ಒಂದು ವರ್ಷದ ಲಯದಲ್ಲಿ ಗರಿಗಳನ್ನು ಕಳಚಿದುವು, ವಲಸೆಯ ಕಾಲದಲ್ಲಿ ಇರುಳೆಲ್ಲ ಚಡಪಡಿಸಿದುವು. ಹಕ್ಕಿಯ ಒಡಲಿನಲ್ಲಿಯೇ ಒಂದು ಗಡಿಯಾರವುಂಟು. ಹಗಲಿನ ಉದ್ದ ಆ ಗಡಿಯಾರದ ಮುಳ್ಳನ್ನು ಸರಿಪಡಿಸುತ್ತಿರುತ್ತದೆ.

ಹೊರಡಲು ಸಿದ್ಧವಾದ ಮೇಲೆ ಹವೆಯ ಮಾತು ಬರುತ್ತದೆ. ಸಮೀಪದಲ್ಲಿ ಚಳಿಗಾಲ ಕಳೆಯುವ ಸ್ಕೈಲಾರ್ಕ್ ಮತ್ತು ಟಿಟ್ಟಿಭಗಳು ದಕ್ಷಿಣದಿಂದ ಬೆಚ್ಚನೆಯ ಗಾಳಿ ಬೀಸಿದೊಡನೆ ಮುನ್ನಡೆಯುತ್ತವೆ. ಮತ್ತೆ ಹಿಮ ಬಿದ್ದರೆ ಬಂದ ದಾರಿಯಲ್ಲಿಯೇ ಹಿಂದಿರುಗುವುದೂ ಉಂಟು. ಮೊದಲು ಬಂದವನಿಗೆ ಒಳ್ಳೆಯ ಗೂಡಿನ ತಾಣ ದೊರೆಯುತ್ತದೆ. ತೀರ ಮೊದಲು ಬಂದವನು ಹಸಿವಿನಿಂದ ಸಾಯಲೂಬಹುದು. ಅವಸರ ಮತ್ತು ಎಚ್ಚರಗಳ ನಡುವಣ ಈ ತೂಕವೇ ಅವುಗಳ ಬಾಳು. ದೂರದಿಂದ ಬರುವ ಹಕ್ಕಿಗಾದರೋ ಉತ್ತರದ ಹವೆಯನ್ನು ಮುಂದಾಗಿ ಅರಿಯುವ ಉಪಾಯವೇ ಇಲ್ಲ. ಅದು ತನ್ನ ಗಡಿಯಾರವನ್ನೇ ನಂಬಬೇಕು.

ಆ ನಂಬಿಕೆಗೆ ಈಗ ಕುತ್ತು ಬಂದಿದೆ. 1847ರಿಂದ 2013ರ ವರೆಗಿನ ಅವಧಿಯಲ್ಲಿ ಫಿನ್ಲೆಂಡಿನ ಸರಾಸರಿ ಉಷ್ಣತೆ 2 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚಾಗಿ ಏರಿತು. ಚಿಗುರು ಬೇಗ ಒಡೆದರೆ ಅದನ್ನು ಮೇಯುವ ಕಂಬಳಿಹುಳುಗಳೂ ಬೇಗ ಹುಟ್ಟಿ ಬೇಗ ಮುಗಿಯುತ್ತವೆ. ಸಮೀಪದ ವಲಸೆಗಾರರು ತಮ್ಮ ಬರವನ್ನು ಬಹುಮಟ್ಟಿಗೆ ಹಿಂದಕ್ಕೆ ಸರಿಸಿಕೊಂಡು ಮೊದಲೇ ಬರುತ್ತಿರುವರು. ದೂರದವರಲ್ಲಿ ಅನೇಕರಿಗೆ ಇದು ಅಷ್ಟಾಗಿ ಸಾಧ್ಯವಾಗಿಲ್ಲ. ನೆದರ್ಲೆಂಡಿನ ಕ್ರಿಸ್ಟಿಯಾನ್ ಬೋಟ್ ಮತ್ತು ಮಾರ್ಸೆಲ್ ವಿಸ್ಸರ್ 2001ರಲ್ಲಿ ತಿಳಿಸಿದಂತೆ, ಆಫ್ರಿಕದಿಂದ ಬರುವ ಕಪ್ಪುಬಿಳುಪಿನ ನೊಣಹಿಡುಕ ಮೊಟ್ಟೆಯಿಡುವುದನ್ನು ಬೇಗ ಮಾಡಿದರೂ ಊರಿಗೆ ಬರುವ ದಿನವನ್ನು ಬದಲಿಸಿರಲಿಲ್ಲ. ಹುಳುಗಳ ಸುಗ್ಗಿ ಬಹು ಬೇಗ ಬರುವ ಕಾಡುಗಳಲ್ಲಿ ಈ ಹಕ್ಕಿಗಳ ಸಂಖ್ಯೆ ಎರಡು ದಶಕಗಳಲ್ಲಿ ಸುಮಾರು ಶೇಕಡ 90ರಷ್ಟು ಕುಗ್ಗಿತೆಂದು 2006ರ ಅಧ್ಯಯನ ತೋರಿಸಿತು. ಹಸಿದ ಮರಿಗಳು ಬಾಯ್ದೆರೆಯುವ ಹೊತ್ತಿಗೆ ಉಣಿಸು ತೀರಿಹೋಗಿರುವುದು.

ಈ ಕಥೆಯ ಒಂದು ಎಳೆ ನಮ್ಮ ಹಿತ್ತಿಲಿಗೂ ಬಂದು ಸೇರುತ್ತದೆ. ಕರ್ನಾಟಕದ ಪೊದೆಗಳಲ್ಲಿ ಚಳಿಗಾಲವೆಲ್ಲ ಚೆಕ್ ಚೆಕ್ ಎಂದು ಸದ್ದು ಮಾಡುತ್ತ ಅಡಗಿರುವ ಮಾಸಲು ಕಂದು ಬಣ್ಣದ ಹಕ್ಕಿಯೊಂದುಂಟು. ಇದು ಬ್ಲೈತ್ ಜೊಂಡು ಉಲಿಯಕ್ಕಿ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತನ ಹೆಸರು ಇದಕ್ಕೆ ಬಂದಿದೆ. ತೂಕ ಸುಮಾರು 12 ಗ್ರಾಂ. ಇಪ್ಪತ್ತನೆಯ ಶತಮಾನದಲ್ಲಿ ಇದರ ಗೂಡಿನ ನೆಲೆ ಪಶ್ಚಿಮಕ್ಕೆ ಹಬ್ಬಿ ಫಿನ್ಲೆಂಡನ್ನು ಮುಟ್ಟಿತು. ನಮ್ಮಲ್ಲಿಗೆ ಬರುವ ಪ್ರತಿಯೊಂದು ಹಕ್ಕಿಯೂ ಫಿನ್ಲೆಂಡಿನದೇ ಅಲ್ಲ. ಆದರೆ ಆ ಕರಾವಳಿಯ ಪೊದೆಗಳಲ್ಲಿ ಮೇ ತಿಂಗಳ ಕೊನೆಗೆ ಇರುಳಿನಲ್ಲಿ ಹಾಡುವ ಈ ಜಾತಿಯ ಹಕ್ಕಿ, ಭಾರತದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದುದು.

ಇದನ್ನು ಗಮನಿಸಲು ದೊಡ್ಡ ಉಪಕರಣಗಳೇನೂ ಬೇಡ. ಹಕ್ಕಿಯ ಕೂಗು ಮೊದಲು ಕೇಳಿದ ದಿನ ಯಾವುದು, ಕಡೆಯದಾಗಿ ಕೇಳಿದ ದಿನ ಯಾವುದು ಎಂದು ನಮ್ಮ ತರುಣ ವಾಚಕರು ವರ್ಷ ವರ್ಷವೂ ಬರೆದಿಟ್ಟರೆ ಸಾಕು. ನಮ್ಮ ಹಿತ್ತಿಲಿನಲ್ಲಿ ಆ ಸದ್ದು ನಿಂತ ಕೆಲವು ವಾರಗಳಿಗೆ ಬಾಲ್ಟಿಕ್ ಕಡಲಿನ ತೀರದಲ್ಲಿ ಯಾವನೋ ಒಬ್ಬನು ಅದೇ ಜಾತಿಯ ಹಾಡನ್ನು ಕೇಳಿ ತನ್ನ ಪುಸ್ತಕದಲ್ಲಿ ಗುರುತು ಹಾಕುವನು. ಎರಡು ಪುಸ್ತಕಗಳನ್ನೂ ಒಟ್ಟಿಗಿಟ್ಟು ಓದಿದಾಗಲೇ ಹಕ್ಕಿಯ ವರ್ಷವು ಪೂರ್ಣವಾಗಿ ನಮಗೆ ತಿಳಿಯುವುದು.