ಇಳಿದ ತೂಕ ಉಳಿಯುವುದು ದಿನಸಿ ಚೀಟಿಯಲ್ಲಿ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಡಯಟ್ ಚಾರ್ಟನ್ನು ನೀವೂ ನೋಡಿರುತ್ತೀರಿ. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ನೆನೆಸಿದ ಬಾದಾಮಿ, ಮಧ್ಯಾಹ್ನ ಎರಡು ಫುಲ್ಕಾ, ರಾತ್ರಿ ಸೂಪು. ಅದೇ ಫ್ರಿಜ್ಜಿನ ಪಕ್ಕದ ಒಲೆಯ ಮೇಲೆ ಮನೆಮಂದಿಗೆಲ್ಲ ನುಗ್ಗೆಕಾಯಿ ಹುಳಿ ಕುದಿಯುತ್ತಿರುತ್ತದೆ, ಇಂಗು ಕರಿಬೇವಿನ ಒಗ್ಗರಣೆ ಚಟಪಟ ಅನ್ನುತ್ತಿರುತ್ತದೆ. ಮನೆಯಲ್ಲಿ ನಾಲ್ಕು ಜನ. ಅವರಲ್ಲಿ ಒಬ್ಬರು ಮಾತ್ರ ‘ಡಯಟ್‌ನಲ್ಲಿದ್ದಾರೆ’. ಅವರ ತಟ್ಟೆ ಬೇರೆ, ಊಟದ ಹೊತ್ತು ಬೇರೆ, ಮುಖವೂ ತುಸು ಬೇರೆ. ಮೂರು ವಾರ ಹೀಗೆ ನಡೆಯುತ್ತದೆ, ಕೆಲವರ ಮನೆಯಲ್ಲಿ ಮೂರು ತಿಂಗಳು. ನಾಲ್ಕೈದು ಕೆಜಿ ಇಳಿಯುವುದೂ ಉಂಟು. ಅಷ್ಟರಲ್ಲಿ ಯಾರದೋ ನಾಮಕರಣ, ಮಕ್ಕಳ ಪರೀಕ್ಷೆ, ಆಫೀಸಿನ ಆಡಿಟ್ಟು. ಚಾರ್ಟು ಅಲ್ಲೇ ಮಾಸುತ್ತಾ ನೇತಾಡುತ್ತದೆ. ತೂಕ ಬಡ್ಡಿ ಸಮೇತ ವಾಪಸಾಗಿರುತ್ತದೆ.

‘ಬಾಯಿ ಕಟ್ಟೋಕಾಗಲ್ಲ ಸ್ವಾಮಿ’ ಎಂದು ತಮ್ಮನ್ನೇ ಬೈದುಕೊಳ್ಳುವವರು ಬಹಳ. ಬಾಯಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಮೈ ಇಡುವ ಲೆಕ್ಕ ಬೇರೆಯೇ ಇದೆ.

ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಟಿ.ವಿ. ಶೋನಲ್ಲಿ ಯಾರು ಹೆಚ್ಚು ತೂಕ ಇಳಿಸುತ್ತಾರೋ ಅವರಿಗೆ ಬಹುಮಾನ. ಅದರ 14 ಸ್ಪರ್ಧಿಗಳನ್ನು ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, 30 ವಾರಗಳ ಸ್ಪರ್ಧೆಯಲ್ಲಿ ಅವರು ಸರಾಸರಿ 58 ಕೆಜಿ ಕಳೆದುಕೊಂಡಿದ್ದರು. ಆರು ವರ್ಷಗಳಲ್ಲಿ ಅದರ ಪೈಕಿ 41 ಕೆಜಿ ಮರಳಿ ಬಂದಿತ್ತು. ವಿಚಿತ್ರವೆಂದರೆ, ಸುಮ್ಮನೆ ಕೂತಾಗ ಅವರ ಮೈ ಖರ್ಚು ಮಾಡುತ್ತಿದ್ದ ಶಕ್ತಿ ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಉಳಿದಿತ್ತು. ಬರಗಾಲ ಕಂಡ ಮನೆಯೊಡತಿ ಮಳೆ ಬಂದ ಮೇಲೂ ಪಾವು ಅಳೆದೇ ಅಕ್ಕಿ ತೆಗೆಯುತ್ತಾಳಲ್ಲ, ಹಾಗೆ.

ಇದಕ್ಕೂ ಹಿಂದಿನ ಒಂದು ಪ್ರಯೋಗ ಎರಡನೇ ಮಹಾಯುದ್ಧದ ಕಾಲದ್ದು. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬಾತ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ. ಯುದ್ಧಕ್ಕೆ ಹೋಗುವುದಿಲ್ಲವೆಂದು ಮನಸ್ಸಾಕ್ಷಿಯ ಮೇಲೆ ನಿಂತು, ಈ ಪ್ರಯೋಗಕ್ಕೆ ತಾವಾಗಿ ಬಂದವರು ಅವರು. ಮನೋಬಲ ಕಡಿಮೆಯಿತ್ತು ಅನ್ನುವಂತಿಲ್ಲ. ಅಂಥವರೂ ತಿಂಗಳು ಕಳೆದಂತೆ ಊಟದ ಮಾತು ಬಿಟ್ಟು ಬೇರೆ ಮಾತಾಡದಾದರು. ಕೆಲವರು ಅಡುಗೆ ಪುಸ್ತಕ ಕೊಂಡು ತಂದು ಓದುತ್ತಾ ಕೂತರು. ಹಸಿದ ಮೈ ಮನಸ್ಸನ್ನೂ ತನ್ನ ಕಡೆಗೆ ಸೆಳೆದುಕೊಂಡುಬಿಡುತ್ತದೆ.

ಹಾಗಾದರೆ ಇಳಿದದ್ದನ್ನು ಉಳಿಸಿಕೊಂಡವರೇ ಇಲ್ಲವೇ? ಇದ್ದಾರೆ. 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಅಮೆರಿಕದಲ್ಲಿ ಅಂಥವರದ್ದೇ ಒಂದು ದಾಖಲೆ ಪಟ್ಟಿ ಶುರುಮಾಡಿದರು. ಸುಮಾರು ಹದಿನಾಲ್ಕು ಕೆಜಿ ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡಿದ್ದರೆ ಮಾತ್ರ ಅದಕ್ಕೆ ಪ್ರವೇಶ. ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಇಳಿಸಿದ ದಾರಿ ಒಬ್ಬೊಬ್ಬರದು ಒಂದೊಂದು. ಉಳಿಸಿಕೊಂಡ ದಾರಿ ಮಾತ್ರ ಬಹುಪಾಲು ಒಂದೇ ಥರ: ದಿನಾ ಹೆಚ್ಚುಕಡಿಮೆ ಒಂದು ಗಂಟೆಯ ನಡಿಗೆ ಅಥವಾ ಬೇರೆ ಚಟುವಟಿಕೆ, ವಾರಕ್ಕೊಮ್ಮೆಯಾದರೂ ತೂಕದ ಯಂತ್ರದ ಮೇಲೆ ನಿಲ್ಲುವುದು, ಭಾನುವಾರಕ್ಕೂ ಬುಧವಾರಕ್ಕೂ ಊಟದಲ್ಲಿ ದೊಡ್ಡ ವ್ಯತ್ಯಾಸ ಮಾಡದಿರುವುದು. ಗೆದ್ದವರು ತಾವಾಗಿ ಬಂದು ಹೆಸರು ಬರೆಸಿದ ಪಟ್ಟಿ ಇದು. ಅದೇ ದಾರಿಯಲ್ಲಿ ನಡೆದೂ ಸೋತವರ ಲೆಕ್ಕ ಇದರಲ್ಲಿಲ್ಲ ಎಂಬುದನ್ನೂ ನೆನಪಿಡಬೇಕು. ಆದರೂ ಆ ಮೂರನೆಯ ಗುಣ ನನಗೆ ದೊಡ್ಡದಾಗಿ ಕಾಣುತ್ತದೆ. ಅವರ ಪಾಲಿಗೆ ‘ಡಯಟ್’ ಎಂಬ ಬೇರೆ ಊಟವಿಲ್ಲ, ಇರುವುದು ಊಟ ಒಂದೇ.

ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ತಟ್ಟೆ ಒಬ್ಬರದು, ಪಾತ್ರೆ ಮನೆಯದು. ಹುಳಿಗೆ ಎಷ್ಟು ಎಣ್ಣೆ ಬಿತ್ತು, ಪಲ್ಯಕ್ಕೆ ಎಷ್ಟು ಕಾಯಿ ತುರಿದರು, ಕಾಫಿಗೆ ಸಕ್ಕರೆ ಎಷ್ಟು ಚಮಚ ಎಂಬುದು ತೀರ್ಮಾನವಾಗುವುದು ಊಟಕ್ಕೆ ಕೂತಾಗಲ್ಲ. ತಿಂಗಳ ಮೊದಲ ವಾರ ದಿನಸಿ ಚೀಟಿ ಬರೆಯುವಾಗಲೇ ಅದು ಆಗಿಹೋಗಿರುತ್ತದೆ. ಡಬ್ಬಿಗೆ ಬಂದದ್ದು ತಿಂಗಳೊಳಗೆ ಯಾರದಾದರೂ ಹೊಟ್ಟೆ ಸೇರಲೇಬೇಕು.

ಮಧ್ಯಮ ವರ್ಗದ ನಾಲ್ಕು ಜನರ ಮನೆಯ ಚೀಟಿ ಒಂದನ್ನು ಬಿಡಿಸಿ ನೋಡೋಣ. ಅಕ್ಕಿ 25 ಕೆಜಿಯ ಒಂದು ಮೂಟೆ, ಎಣ್ಣೆ 4 ಲೀಟರ್, ಸಕ್ಕರೆ 3 ಕೆಜಿ, ರವೆ 2, ಗೋಧಿ ಹಿಟ್ಟು 5, ತೊಗರಿಬೇಳೆ 2, ಹೆಸರುಬೇಳೆ ಅರ್ಧ, ಕಡಲೆಕಾಳು ಅರ್ಧ. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,200 ಕ್ಯಾಲೊರಿ. ಹಾಗಾಗಿ ಈ ಮನೆಯಲ್ಲಿ ತಲೆಗೆ ದಿನಕ್ಕೆ 270 ಕ್ಯಾಲೊರಿಯಷ್ಟು ಬರೀ ಎಣ್ಣೆಯಿಂದಲೇ ಬರುತ್ತದೆ. ಸಕ್ಕರೆಯಿಂದ ಇನ್ನೊಂದು ನೂರು. ಎಣ್ಣೆ ಮೂರು ಲೀಟರಿಗೆ, ಸಕ್ಕರೆ ಎರಡು ಕೆಜಿಗೆ ಇಳಿಯಿತು ಅನ್ನಿ. ಹೊರಗಿನ ತಿಂಡಿ ಹೆಚ್ಚದಿದ್ದರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿ ಕಡಿಮೆಯಾಯಿತು. ಯಾರೂ ಉಪವಾಸ ಮಾಡಲಿಲ್ಲ, ಯಾರ ತಟ್ಟೆಯೂ ಬೇರೆಯಾಗಲಿಲ್ಲ.

ಈ ನೂರು ಕ್ಯಾಲೊರಿಯಿಂದ ಏನಾದೀತು? ಅದೇ ಕೆವಿನ್ ಹಾಲ್ 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ. ದಪ್ಪಗಿರುವ ಸಾಮಾನ್ಯ ವಯಸ್ಕರು ದಿನಕ್ಕೆ ಹತ್ತು ಕ್ಯಾಲೊರಿಯನ್ನು ಕಾಯಂ ಆಗಿ ಬಿಟ್ಟರೆ ಕೊನೆಗೆ ಸುಮಾರು ಅರ್ಧ ಕೆಜಿ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಹೆಚ್ಚಿನಂಶ ಪೂರ್ತಿಯಾಗಲು ಮೂರು ವರ್ಷ. ಅಂದರೆ ನೂರು ಕ್ಯಾಲೊರಿಗೆ ನಾಲ್ಕೂವರೆ ಕೆಜಿಯ ಆಸುಪಾಸು. ಮೂರು ವರ್ಷ! ಯಾವ ಜಾಹೀರಾತಿನವರೂ ಈ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಸಲಾರರು.

2025ರ ಫೆಬ್ರುವರಿಯ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಕೊಳ್ಳಿ ಎಂದು ಹೇಳಿದ್ದರು. ಕಡಿಮೆ ಬಳಸಿ ಎಂದಷ್ಟೇ ಹೇಳಿ ಬಿಡದೆ ಕಡಿಮೆ ಕೊಳ್ಳಿ ಎಂದದ್ದರಲ್ಲಿ ವ್ಯವಹಾರಜ್ಞಾನವಿದೆ. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವ ಕೈಗೆ ಅಳತೆ ಸಿಗುವುದಿಲ್ಲ. ವಾರದ ಎಣ್ಣೆಯನ್ನು ಸಣ್ಣ ಜಾಡಿಗೆ ಬಗ್ಗಿಸಿಟ್ಟು ಚಮಚದಲ್ಲಿ ತೆಗೆಯುವ ಮನೆಯಲ್ಲಿ ಶನಿವಾರದ ಹೊತ್ತಿಗೆ ತಳ ಕಾಣುತ್ತದೆ. ಭಾನುವಾರ ಪೂರಿಯೋ ಇಡ್ಲಿಯೋ ಎಂಬುದನ್ನು ಆ ತಳವೇ ನಿರ್ಧರಿಸುತ್ತದೆ.

ಚೀಟಿಯಲ್ಲಿ ಇಳಿಸಬೇಕಾದ್ದರ ಜತೆಗೆ ಏರಿಸಬೇಕಾದ್ದೂ ಇದೆ. 25 ಕೆಜಿ ಅಕ್ಕಿಯ ಎದುರಿಗೆ ಬೇಳೆಕಾಳು ಮೂರೇ ಕೆಜಿ. ಹೊಟ್ಟೆ ತುಂಬಿದ ಭಾವನೆ ಹೆಚ್ಚು ಹೊತ್ತು ಉಳಿಯಬೇಕಾದರೆ ಪ್ರೋಟೀನು, ನಾರು ಬೇಕು. ಬರೀ ಅನ್ನ–ತಿಳಿಸಾರು ಉಂಡವರಿಗೆ ನಾಲ್ಕು ಗಂಟೆಗೆ ಚಕ್ಕುಲಿ ಡಬ್ಬಿ ನೆನಪಾಗುವುದು ಚಪಲದಿಂದಲೇ ಅಲ್ಲ. ಇದಕ್ಕೆ ಕೀನ್ವಾ ಹುಡುಕಿ ಹೋಗಬೇಕಿಲ್ಲ. ಹಳೇ ಮೈಸೂರಿನವರ ಬಸ್ಸಾರನ್ನು ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡೂ ಆಯಿತು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಪಕ್ಕ ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ ಇಟ್ಟುಕೊಡುತ್ತಾರೆ. ಮದುವೆ ಮನೆಯ ಎಲೆಯಲ್ಲಿ ಮೊದಲು ಬೀಳುವುದೇ ಕೋಸಂಬರಿ, ಪಲ್ಯ, ಅನ್ನ ಆಮೇಲೆ. ತರಕಾರಿ, ಪ್ರೋಟೀನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಅಷ್ಟಾಗಿ ಏರುವುದಿಲ್ಲ ಎಂದು ಈಚಿನ ಅಧ್ಯಯನಗಳು ಹೇಳುತ್ತಿವೆ. ನಾವು ಕೋಸಂಬರಿಯನ್ನು ಒಂದು ಚಮಚಕ್ಕೆ ಇಳಿಸಿ ಮದುವೆಗಷ್ಟೇ ಮೀಸಲಿಟ್ಟೆವು.

ರಾಗಿಯ ಬಗ್ಗೆ ಒಂದು ಮಾತು. ಮುದ್ದೆ ಉಂಡರೆ ಸಣ್ಣಗಾಗುತ್ತಾರೆ ಎಂಬ ನಂಬಿಕೆ ಪೇಟೆಯಲ್ಲಿ ಹಬ್ಬಿದೆ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ, ನಾರೂ ಇದೆ. ಆದರೆ ಕ್ಯಾಲೊರಿ ಲೆಕ್ಕದಲ್ಲಿ ನೂರು ಗ್ರಾಂ ರಾಗಿ ಹಿಟ್ಟಿಗೂ ಅಷ್ಟೇ ಅಕ್ಕಿಗೂ ದೊಡ್ಡ ಅಂತರವಿಲ್ಲ. ಹೊಲದಲ್ಲಿ ಗುದ್ದಲಿ ಹಿಡಿದವರ ಗಾತ್ರದ ಮುದ್ದೆಯನ್ನು ಲ್ಯಾಪ್‌ಟಾಪ್ ಹಿಡಿದವರು ಉಂಡರೆ ಪರಿಣಾಮ ಬೇರೆಯೇ. ಇನ್ನು ಸಿರಿಧಾನ್ಯದ ಹೆಸರಿನಲ್ಲಿ ಬರುವ ಬಿಸ್ಕತ್ತಿನ ಪ್ಯಾಕೆಟ್ಟನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿ, ಸಾಕು.

ಕೊಬ್ಬು ಸೇರಿಕೊಳ್ಳುವ ಜಾಗವೂ ನಮ್ಮಲ್ಲಿ ತುಸು ಮೋಸದ್ದು. 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಒಂದು ಚಿತ್ರ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರ–ತೂಕದ ಸೂಚ್ಯಂಕವಾದ ಬಿಎಂಐ ಇಬ್ಬರದೂ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ತೆಳ್ಳಗೆ ಕಾಣುವ ಭಾರತೀಯರ ಹೊಟ್ಟೆಯೊಳಗೆ ಏನಿದೆ ಎಂಬುದಕ್ಕೆ ಆ ಚಿತ್ರವೇ ಸಾಕ್ಷಿಯಾಯಿತು. ಅದಕ್ಕೇ ನಮ್ಮವರಿಗೆ ಬಿಎಂಐ 25 ಅಲ್ಲ, 23 ದಾಟಿದರೇ ಎಚ್ಚರ; ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ದರ್ಜಿಯ ಟೇಪೊಂದು ಮನೆಯಲ್ಲಿರಲಿ. ಪಂಚೆ, ಸೀರೆ, ಎಲಾಸ್ಟಿಕ್ ಪ್ಯಾಂಟು ಮೂರೂ ಬಹಳ ಸಹನೆಯ ಉಡುಪುಗಳು. ಎಷ್ಟೇ ಹಿಗ್ಗಿದರೂ ದೂರು ಹೇಳುವುದಿಲ್ಲ.

ನಡಿಗೆಯ ವಿಷಯಕ್ಕೆ ಬಂದರೆ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಂತ್ರ ಯಾವ ವೈದ್ಯರೂ ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ‘ಹತ್ತು ಸಾವಿರ ಹೆಜ್ಜೆಯ ಮೀಟರು’ ಎಂಬರ್ಥದ ಹೆಸರಿಟ್ಟು ಮಾರಿತು. ಆ ಸಂಖ್ಯೆ ಈಗ ನಮ್ಮೆಲ್ಲರ ಮಣಿಕಟ್ಟಿನಲ್ಲಿದೆ. 2019ರಲ್ಲಿ ಐ–ಮಿನ್ ಲೀ ಮತ್ತು ಸಂಗಡಿಗರು ವಯಸ್ಸಾದ 16,741 ಮಹಿಳೆಯರ ಹೆಜ್ಜೆ ಲೆಕ್ಕ ಹಾಕಿದಾಗ, ದಿನಕ್ಕೆ 4,400 ಹೆಜ್ಜೆ ಇಟ್ಟವರಲ್ಲೇ ಸಾವಿನ ಪ್ರಮಾಣ 2,700 ಇಟ್ಟವರಿಗಿಂತ ಸಾಕಷ್ಟು ಕಡಿಮೆಯಿತ್ತು. 7,500ರ ಬಳಿಕ ಹೆಚ್ಚಿನ ಲಾಭ ಕಾಣಲಿಲ್ಲ. ನಡೆದರೆ ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ ಒಳ್ಳೆಯದು. ತೂಕ ಇಳಿಸುವ ಹೊರೆಯನ್ನೆಲ್ಲ ಅದರ ಮೇಲೆ ಹೇರಿದರೆ ನಿರಾಶೆ ಖಚಿತ. ಲಾಲ್‌ಬಾಗಿನಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದು ಖರ್ಚಾದದ್ದು ಹೆಚ್ಚುಕಡಿಮೆ ಒಂದು ಉದ್ದಿನ ವಡೆಗೆ ಸಮ. ಭಾನುವಾರ ಬೆಳಿಗ್ಗೆ ಆಸುಪಾಸಿನ ಹೋಟೆಲುಗಳ ಮುಂದೆ ಟ್ರ್ಯಾಕ್ ಸೂಟಿನಲ್ಲಿ ಕಾದು ನಿಂತವರಿಗೆ ಇದು ಗೊತ್ತಿಲ್ಲವೆಂದಲ್ಲ.

ಅಭ್ಯಾಸ ಕೂರಲು 21 ದಿನ ಸಾಕು ಅನ್ನುವುದೂ ಇಂಥದೇ ಮಾತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜು. ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ ಎಂಬುದು ನಮ್ಮ ಹಬ್ಬಗಳ ಪಂಚಾಂಗಕ್ಕೆ ಒಳ್ಳೆಯ ಸುದ್ದಿ. ಹೋಳಿಗೆಯ ದಿನ ಹೋಳಿಗೆ ತಿನ್ನಿ. ಮರುದಿನ, ಅದರ ಮರುದಿನ ತಂಗಳು ಹೋಳಿಗೆಯನ್ನು ‘ಹಾಳಾಗುತ್ತಲ್ಲ’ ಎಂದು ಕಾಯಿಸಿ ತಿನ್ನುವುದರಲ್ಲಿ ಇದೆ ತಾಪತ್ರಯ.

ಈಗ ಚುಚ್ಚುಮದ್ದಿನ ಕಾಲವೂ ಬಂದಿದೆ. ಮೌಂಜಾರೊ, ವೆಗೋವಿ 2025ರಲ್ಲಿ ನಮ್ಮ ಮಾರುಕಟ್ಟೆಗೆ ಕಾಲಿಟ್ಟವು. ಬೊಜ್ಜು ಕಾಯಿಲೆಯ ಮಟ್ಟಕ್ಕೆ ಹೋದವರಿಗೆ ವೈದ್ಯರ ಕಣ್ಗಾವಲಿನಲ್ಲಿ ಇವು ನಿಜವಾಗಿ ಕೆಲಸ ಮಾಡುತ್ತವೆ, ಹೀಗಳೆಯಲು ಕಾರಣವಿಲ್ಲ. ಆದರೆ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು ಎಂದು ಅದರದೇ ಪ್ರಯೋಗ ತೋರಿಸಿದೆ. ಸೂಜಿ ನಿಂತ ಮೇಲೆ ಉಣ್ಣಬೇಕಾದ್ದು ಮತ್ತದೇ ಪಾತ್ರೆಯಿಂದ.

ಆ ಪಾತ್ರೆಯ ಹಿಂದೆ ನಿಂತವರ ಮಾತನ್ನು ಈ ವಿಷಯದ ಬರಹಗಳು ಸಾಮಾನ್ಯವಾಗಿ ಮರೆಯುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಗಂಡಸರಲ್ಲೂ ಹೆಂಗಸರಲ್ಲೂ ಶೇ 30ರಷ್ಟು ಮಂದಿಯ ತೂಕ ಮಿತಿ ಮೀರಿತ್ತು. ಇಬ್ಬರ ತೂಕ ಒಂದೇ ಥರ ಏರಿದೆ. ಇಳಿಸಲು ಸಿಗುವ ಪುರಸೊತ್ತು ಮಾತ್ರ ಒಂದೇ ಥರ ಇಲ್ಲ. ಬೆಳಿಗ್ಗೆ ಆರರಿಂದ ಏಳರವರೆಗೆ ಯಜಮಾನರು ಪಾರ್ಕಿನಲ್ಲಿ. ಅದೇ ಹೊತ್ತಿಗೆ ಒಳಗೆ ಕುಕ್ಕರು ಕೂಗುತ್ತಿರುತ್ತದೆ, ಮೂರು ಡಬ್ಬಿಗೆ ಚಿತ್ರಾನ್ನ ತುಂಬಬೇಕು. ಎಲ್ಲರೂ ಹೊರಟ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದೇ ಆಕೆಯ ತಿಂಡಿ. ಎರಡು ಹಿಡಿ ಹೆಚ್ಚಾದರೂ ಎಸೆಯಲು ಮನಸ್ಸು ಬಾರದು. ರುಬ್ಬುಗುಂಡು, ಬೀಸುಕಲ್ಲು ಮರಳಿ ತನ್ನಿ, ಅದೇ ನಿಜವಾದ ವ್ಯಾಯಾಮ ಎಂದು ಭಾಷಣ ಮಾಡುವವರು ಸಾಮಾನ್ಯವಾಗಿ ಒಂದು ದಿನವೂ ರುಬ್ಬಿದವರಲ್ಲ.

ಎಣ್ಣೆ ಅಳೆಯುವುದು, ಕಾಳು ನೆನೆಸುವುದು, ಸೊಪ್ಪು ಸೋಸುವುದು ಇವೆಲ್ಲ ಆಕೆಯ ತಲೆಗೇ ಹೊಸದಾಗಿ ಬಿದ್ದರೆ ಈ ಏರ್ಪಾಡೂ ಮೂರು ತಿಂಗಳ ಮೇಲೆ ನಡೆಯದು. ಸೊಪ್ಪು ಸೋಸಲು ರಾತ್ರಿಯ ಧಾರಾವಾಹಿಯೋ ಕ್ರಿಕೆಟ್ಟೋ ನಡೆಯುವ ಮುಕ್ಕಾಲು ಗಂಟೆ ಧಾರಾಳ ಸಾಕು, ಮನೆಯಲ್ಲಿ ನಾಲ್ಕು ಜೊತೆ ಕೈಗಳಿವೆ. ಕಾಳನ್ನು ನೀರಿಗೆ ಹಾಕುವುದು ಹೈಸ್ಕೂಲಿನ ಹುಡುಗನಿಗೂ ಬರುತ್ತದೆ. ವಾರದಲ್ಲಿ ಮೂರು ಬೆಳಿಗ್ಗೆ ಚಿತ್ರಾನ್ನ ಕಲಸಿ ಡಬ್ಬಿ ಕಟ್ಟುವುದನ್ನು ಯಜಮಾನರು ವಹಿಸಿಕೊಂಡರೆ, ಆ ಮೂರು ದಿನ ಪಾರ್ಕಿಗೆ ಹೋಗುವ ಸರದಿ ಆಕೆಯದು. ದಿನಸಿ ಚೀಟಿಯನ್ನು ಇಬ್ಬರೂ ಕೂತು ಬರೆಯಬೇಕು. ಸಕ್ಕರೆ ಎರಡೇ ಕೆಜಿ ಎಂದು ಒಬ್ಬರು ಬರೆದು, ಇಪ್ಪತ್ತನೇ ತಾರೀಕಿಗೆ ಇನ್ನೊಬ್ಬರು ಅಂಗಡಿಯಿಂದ ಗುಟ್ಟಾಗಿ ಒಂದು ಕೆಜಿ ತಂದರೆ ಲೆಕ್ಕ ತಪ್ಪುತ್ತದೆ.